ಸ್ಪೇನಿನ ಗುಡ್ಡಕ್ಕೆ ಮಿಡಿಗೇಶಿಯ ಸಾಕ್ಷಿ

ನಮ್ಮ ಚಿಕ್ಕಮ್ಮನಷ್ಟು ಸ್ಪೇನ್ ದೇಶವನ್ನು ಬಲ್ಲವರು ಮಧುಗಿರಿ ತಾಲ್ಲೂಕಿನಲ್ಲೇ ಇಲ್ಲ. ಪಶ್ಚಿಮ ದಿಕ್ಕಿಗೆ ಆಕೆ ಅತಿ ದೂರ ಹೋಗಿರುವುದು ಶಿರಾಕ್ಕೆ! ಹೀಗೆಂದು ಹೇಳಿ ಮೊನ್ನೆಮೊನ್ನೆಯವರೆಗೂ ನಗುತ್ತಿದ್ದವನು ನಾನೇ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ಮೇಲೆ ಆಕೆ ಫೋನಿನಲ್ಲೇ ಸ್ಪ್ಯಾನಿಷ್ ಕಲಿತಳು. ಅಲ್ಲಿನ ಪ್ರವಾಸಿ ಪುಸ್ತಕಗಳ ಬೆಟ್ಟ, ಬಯಲು, ಹೊಳೆಗಳ ವರ್ಣನೆಯನ್ನು ಇಂಗ್ಲಿಷಿಗೆ ತರುವ ಕೆಲಸವೂ ಸಿಕ್ಕಿತು. ಓದಿದರೆ ಅನುವಾದ ಅನ್ನಿಸಬಾರದು, ಸಹಜವಾಗಿರಬೇಕು ಎಂಬುದು ಪ್ರಕಾಶಕರ ಷರತ್ತು. ಸಹಜವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಮಿಡಿಗೇಶಿ ಬೆಟ್ಟ! ಒಂದು ಪುಟ ಮುಗಿದರೆ ಸಾಕು, ಕೊಡೆ ಹಿಡಿದು ಬಸ್ಸು ಹತ್ತಿ, ಕೋಟೆಯ ಕೆಳಗಿನ ಬಂಡೆಯ ಮೇಲೆ ಕೂತು, ಬರೆದದ್ದನ್ನು ಬೆಟ್ಟಕ್ಕೆ ಓದಿ ಹೇಳುತ್ತಿದ್ದಳು.

ಒಮ್ಮೆ, ಏಕಾಂತವನ್ನು ಹೊದ್ದು ಮಲಗಿ ಶತಮಾನಗಳ ನಿಟ್ಟುಸಿರು ಬಿಡುವ ಪರ್ವತದ ಬಗ್ಗೆ ನಾಲ್ಕು ಸಾಲು ಬಂದವು. ಅಲ್ಲೇ ಮೇಕೆ ಮೇಯಿಸುತ್ತಿದ್ದ ಹೆಂಗಸನ್ನು, ಈ ಬೆಟ್ಟ ಏನು ಮಾಡುತ್ತದೆ ಎಂದು ಕೇಳಿದಳು.

“ಬೆಟ್ಟ ಏನ್ ಮಾಡ್ತದೆ ಕಣಮ್ಮ? ಇರ್ತದೆ” ಎಂದಳಾಕೆ.

ಅಲ್ಲೊಂದು ಬೆಟ್ಟವಿದೆ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು ಚಿಕ್ಕಮ್ಮ. ಮಿಕ್ಕ ಸಾಲುಗಳೆಲ್ಲಿ ಎಂದು ಪ್ರಕಾಶಕರು ಕೇಳಿದ್ದಕ್ಕೆ, ಅವು ಸ್ಪೇನಿನಲ್ಲೇ ಸುಖವಾಗಿ ಮಲಗಿದ್ದವು, ಎಬ್ಬಿಸಲಿಲ್ಲ ಎಂದು ಉತ್ತರ ಹೋಯಿತು.

ಕಳೆದ ವರ್ಷದಿಂದ ನನ್ನನ್ನೂ ಎಳೆದುಕೊಂಡು ಹೋಗತೊಡಗಿದಳು. ಕಂಡದ್ದನ್ನೆಲ್ಲ ನಾನು ಹೇಳಬೇಕು, ಆಕೆ ಅದರ ಜೊತೆ ತನ್ನ ಇಂಗ್ಲಿಷನ್ನು ತಾಳೆ ನೋಡಬೇಕು. ಕನ್ನಡ ಮೇಷ್ಟ್ರಾದ ನಾನು ಬಿಡುತ್ತೇನೆಯೇ? ಹೊನ್ನಿನ ಕಿರಣ, ಮುಗಿಲ ಸೆರಗು ಎಂದು ಶುರು ಮಾಡಿದೆ.

“ನಿನ್ ಸೆರಗು ಮಡಿಚಿಡು. ಏನೈತೋ ಅದ್ನ ಹೇಳು” ಎಂದು ಗದರಿದಳು.

ಈ ವಯಸ್ಸಿನಲ್ಲಿ ನನಗೆ ಪರೀಕ್ಷೆ! ಆಕೆ ಫೋನನ್ನು ಮೂಸುವ ಹಾಗೆ ಮೂಗಿಗೆ ಹಿಡಿದು ಓದುವುದನ್ನೂ, ಎದುರಿಗೆ ನಿಂತ ಬಸ್ಸಿನ ಬೋರ್ಡನ್ನು ನನ್ನಿಂದ ಓದಿಸುವುದನ್ನೂ ಮದುವೆ ಮನೆಗಳಲ್ಲಿ ಅಭಿನಯಿಸಿ ನೆಂಟರನ್ನು ನಗಿಸಿದೆ.

ಹೋದ ತಿಂಗಳು ಆ ಮೇಕೆಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದಳು.

“ನಿಮ್ ಚಿಕ್ಕಮ್ಮಂಗೆ ಬೆಟ್ಟ ಕಾಣ್ಸಲ್ಲ ಕಣಪ್ಪ. ಡಾಕ್ಟ್ರು ಇನ್ನಾಗಲ್ಲ ಅಂದ್ಬುಟ್ರಂತೆ. ಹೇಳುದ್ರೆ ಮನೇಲಿ ಬಸ್ ಹತ್ತಕ್ಕೆ ಬುಡಲ್ಲ ಅಂತ ಭಯ ಆಯಮ್ಮಂಗೆ.”

ನನ್ನ ನಗುವಿನ ಮೇಲೆ ನನಗೇ ಹೇಸಿಗೆಯಾಯಿತು. ಹೋಗಿ ಆಕೆಯ ಪಕ್ಕ ಕೂತೆ. ಎಂದಿನಂತೆ, ಏನು ಕಾಣುತ್ತಿದೆ ಎಂದು ಕೇಳಿದಳು. ಹುಣಸೆ ಮರ ಇದೆ, ಅದರ ಕೆಳಗೆ ಮೇಕೆಗಳು ಮಲಗಿವೆ, ಕೋಟೆ ಗೋಡೆಯ ತುದಿಯಲ್ಲಿ ಮಾತ್ರ ಬಿಸಿಲು ಉಳಿದಿದೆ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಈ ಸಲ ಆಕೆ ಗದರಲಿಲ್ಲ.

“ಸ್ಪೇನೂ ಹಿಂಗೇ ಇರ್ತದೇನೋ?”

ಶಿರಾ ದಾಟದ ನಾನು, “ಹಿಂಗೇ ಚಿಕ್ಕಮ್ಮ” ಎಂದೆ.

“ಹಂಗಾರೆ ಎರಡೂ ನೋಡ್ದಂಗಾಯ್ತು ಬುಡು” ಎಂದು ಎದ್ದಳು. ಕೊಡೆಗಾಗಿ ತಡಕಾಡುತ್ತಿದ್ದ ಕೈಗೆ ನನ್ನ ಕೈ ಕೊಟ್ಟೆ.