ಬೇಡ ಅನ್ನುವ ಅತ್ತೆ

ದೇವರ ಕೆಲಸಕ್ಕೆ ಜನ ಸಿಗದಂತೆ ನೋಡಿಕೊಳ್ಳುವವರೊಬ್ಬರು ಜಾಲಹಳ್ಳಿಯಲ್ಲಿದ್ದಾರೆ. ಸೈತಾನ ಅಂದುಕೊಂಡಿರಾ? ಅಲ್ಲ, ನಮ್ಮ ಸೋದರತ್ತೆ!

ಸಭಾಪಾಲಕರಾಗಬೇಕು, ಅಂದರೆ ಪಾಸ್ಟರ್ ಆಗಬೇಕು, ದೈವಶಾಸ್ತ್ರ ಓದಬೇಕು ಅನ್ನುವ ಕಾಲೇಜು ಹುಡುಗ ಹುಡುಗಿಯರಿಗೆ ದಾರಿ ತೋರಿಸಲಿ ಎಂದು ನಮ್ಮ ಚರ್ಚಿನವರು ಅತ್ತೆಯನ್ನು ನೇಮಿಸಿದರು. ಯಾರ ಕೈಗೆ ಕೊಡುತ್ತಿದ್ದೇವೆ ಅಂತ ಸ್ವಲ್ಪ ಯೋಚಿಸಬಾರದಿತ್ತೇ? ಮೂವತ್ತಕ್ಕೂ ಹೆಚ್ಚು ವರ್ಷ ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ ಕೂತು, ಕೂದಲೆಳೆಯಷ್ಟು ಸೊಟ್ಟಗಿದ್ದ ಬೋಲ್ಟನ್ನೂ ರಿಜೆಕ್ಟ್ ಡಬ್ಬಿಗೆ ಎಸೆದು ನಿವೃತ್ತರಾದವರು ಅವರು. ಬಂದವರಿಗೆ ಮೊದಲು ಕಾಫಿ ಕೊಡುತ್ತಾರೆ. ಆಮೇಲೆ ಪೂರ್ತಿ ಕೇಳಿಸಿಕೊಂಡು, "ಬೇಡ, ಹೋಗು" ಅನ್ನುತ್ತಾರೆ. ಅಷ್ಟೇ ಮಾರ್ಗದರ್ಶನ!

ಒಮ್ಮೆ ಸೋಲದೇವನಹಳ್ಳಿಯ ಎಂಜಿನಿಯರಿಂಗ್ ಕಾಲೇಜಿನಿಂದ ಗಿಟಾರ್ ಹೊತ್ತ ಹುಡುಗನೊಬ್ಬ ಬಂದ.

"ಆಂಟಿ, ದೇವ್ರು ನನ್ನ ಸೇವೆಗೆ ಕರೀತಿದಾನೆ."

"ಹೌದಾ? ಎಷ್ಟು ಸಬ್ಜೆಕ್ಟ್ ಬಾಕಿ ಇದೆ?"

"ಐದು ಆಂಟಿ."

"ಹಂಗಾದ್ರೆ ದೇವ್ರು ಕರೀತಿಲ್ಲ ಕಣೋ, ಪರೀಕ್ಷೆ ಓಡಿಸ್ತಿದೆ. ಐದೂ ಪಾಸ್ ಮಾಡು. ಆಮೇಲೂ ಕರೆದ್ರೆ ಬಾ."

ಹುಡುಗ ಐದೂ ಪಾಸಾದ. ಆಮೇಲೆ ಕರೆ ನಿಂತುಹೋಯಿತಂತೆ! ಈಗ ಹೆಬ್ಬಾಳದ ಕಡೆ ಕೆಲಸದಲ್ಲಿದ್ದಾನೆ. ಪ್ರತಿ ಕ್ರಿಸ್‌ಮಸ್‌ಗೆ ಅತ್ತೆಗೆ ಕೇಕ್ ತಂದುಕೊಟ್ಟು ಕಾಲಿಗೆ ಬೀಳುತ್ತಾನೆ.

'ಬೇಡ' ಅಂದ ಮೇಲೂ ಬಂದವರಿಗೆ ಪರೀಕ್ಷೆಗಳಿವೆ. ಆರಾಧನೆ ಮುಗಿದ ಮೇಲೆ ಕುರ್ಚಿ ಜೋಡಿಸಬೇಕು, ಟೀ ಲೋಟ ತೊಳೆಯಬೇಕು. ಅದಾದ ಮೇಲೆ ಆಸ್ಪತ್ರೆಯಲ್ಲಿ, ನೋಡಲು ಯಾರೂ ಬಾರದ ರೋಗಿಯ ಪಕ್ಕ ಒಂದು ಮಧ್ಯಾಹ್ನ ಕೂರಬೇಕು. ಪ್ರಸಂಗ, ಉಪದೇಶ ಏನೂ ಮಾಡುವಂತಿಲ್ಲ! ಸಂಜಯನಗರದ ಒಬ್ಬ ಮಹಾ ಮಾತುಗಾರ ಕೂತ ಐದೇ ನಿಮಿಷಕ್ಕೆ ಸೃಷ್ಟಿಯ ಕಥೆಯಿಂದ ಶುರುಮಾಡಿದನಂತೆ. ಕಥೆಯಲ್ಲಿ ದೇವರು ಮನುಷ್ಯನನ್ನು ಮಾಡುವ ಆರನೇ ದಿನ ಬರುವ ಹೊತ್ತಿಗೆ ರೋಗಿ ಗಂಟೆ ಒತ್ತಿ ನರ್ಸನ್ನು ಕರೆದರು. "ಆ ಮನುಷ್ಯನಿಗೆ ಹರ್ನಿಯಾ ಆಪರೇಷನ್ ಆಗಿತ್ತು ಕಣೋ, ಎದ್ದು ಓಡೋಕೂ ಆಗ್ದೆ ಒದ್ದಾಡ್ತಿದ್ರು" ಎಂದು ಅತ್ತೆ ಇವತ್ತಿಗೂ ಮರುಗುತ್ತಾರೆ.

ನಮ್ಮ ಸಭಾಪಾಲಕರು ಒಂದು ದಿನ ಕೈಮುಗಿದರು. "ಅಮ್ಮಾ, ವರ್ಷಕ್ಕೆ ಒಬ್ಬರನ್ನಾದ್ರೂ ಉಳಿಸಿ!"

ನನಗಂತೂ ಅತ್ತೆಯ ಮೇಲೆ ಅಪಾರ ಹೆಮ್ಮೆ. ಆ ಹೆಮ್ಮೆ ಉಪಯೋಗಕ್ಕೂ ಬಂತು. ಎಂ.ಕಾಂ. ಓದುತ್ತಿದ್ದ ನನ್ನ ಮಗಳು ಒಂದು ಭಾನುವಾರ ಊಟದ ಮಧ್ಯೆ, "ಅಪ್ಪಾ, ನಾನು ಸಭಾಪಾಲಕಿ ಆಗ್ಬೇಕು ಅನ್ಕೊಂಡಿದೀನಿ" ಅಂದುಬಿಟ್ಟಳು. ತುತ್ತು ಕೈಯಲ್ಲೇ ಉಳಿಯಿತು. ಬೇರೆಯವರ ಮಕ್ಕಳು ಸೇವೆಗೆ ಹೊರಟರೆ ಎದ್ದು ನಿಂತು ಚಪ್ಪಾಳೆ ತಟ್ಟುವ ಭಕ್ತ ನಾನು. ನಮ್ಮ ಮನೆಯಿಂದಲೇ ಅಂದರೆ? ಅವಳಿಗೆ ಬ್ಯಾಂಕ್ ಕೆಲಸ ಸಿಗಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಆದರೂ ಬೈಯಲಿಲ್ಲ, ಉಪಾಯ ಮಾಡಿದೆ. "ಹೋಗಿ ಜಾಲಹಳ್ಳಿ ಅಜ್ಜಿನ ಕೇಳಮ್ಮ" ಅಂದೆ.

ಅತ್ತೆ 'ಬೇಡ' ಅಂದರು. ಆ ಸಂಜೆ ನಾನು ಮನೆಗೆ ಮೈಸೂರು ಪಾಕ್ ತಂದೆ.

ಮುಂದಿನ ವಾರ ಮಗಳು ಮತ್ತೆ ಹೋದಳು. ಅದರ ಮುಂದಿನ ವಾರವೂ ಹೋದಳು. ಪ್ರತಿ 'ಬೇಡ'ಕ್ಕೂ ನಾನು ಮೈಸೂರು ಪಾಕ್ ತಂದೆ. ಕುರ್ಚಿ ಜೋಡಿಸಿದಳು, ಲೋಟ ತೊಳೆದಳು. ಆಸ್ಪತ್ರೆಯಲ್ಲಿ ಮುಸ್ಲಿಂ ಅಜ್ಜಿಯೊಬ್ಬರ ಪಕ್ಕ ಕೂತು, ಸಿಕ್ಕುಗಟ್ಟಿದ ಅವರ ತಲೆ ಬಾಚಿ ಜಡೆ ಹಾಕಿ ಬಂದಳು. "ಕಲ್ ಭೀ ಆನಾ ಬೇಟಿ" ಅಂದರಂತೆ ಅವರು. ನಾಳೆಯೂ ಬಾ ಮಗಳೇ ಅಂತ. ಪರೀಕ್ಷೆ ಒಂದೇ ಮಧ್ಯಾಹ್ನದ್ದು. ಇವಳು ಮರುದಿನವೂ ಹೋದಳು.

ನಾನು ಮೈಸೂರು ಪಾಕ್ ತರುವುದನ್ನು ನಿಲ್ಲಿಸಿದೆ.

ಕೊನೆಗೊಂದು ಸಂಜೆ ಅತ್ತೆ ನನ್ನನ್ನು ಮನೆಗೆ ಕರೆಸಿಕೊಂಡರು. ಮೇಜಿನ ಮೇಲೆ ದೈವಶಾಸ್ತ್ರ ಕಾಲೇಜಿನ ಅರ್ಜಿ ಇತ್ತು. ಮಗಳ ಅಕ್ಷರದಲ್ಲಿ ಪೂರ್ತಿ ತುಂಬಿತ್ತು.

"ಕೆಳಗೆ ತಂದೆ ಸಹಿ ಬೇಕು" ಅಂದರು.

"ಅತ್ತೆ! ನಿಮ್ಮನ್ನ ನಂಬಿ ಕಳಿಸಿದ್ದೆ!"

"ಯಾಕೆ ಕಳಿಸ್ದೆ ಅಂತ ಮೊದಲ ದಿನವೇ ಗೊತ್ತಾಯ್ತು. ನಾಲ್ಕು ಸಲ ಬೇಡ ಅಂದೆ ಕಣೋ. ಪ್ರತಿ ಸಲ 'ಸರಿ ಅಜ್ಜಿ' ಅಂತಾಳೆ, ಮುಂದಿನ ವಾರ ಬಂದು ನಿಂತ್ಕೋತಾಳೆ. ಸರಿಯಾಗಿರೋದನ್ನ ರಿಜೆಕ್ಟ್ ಡಬ್ಬಿಗೆ ಹಾಕು ಅಂದ್ರೆ ನನ್ ಕೈಲಾಗಲ್ಲ."

"ಅವಳಿನ್ನೂ ಚಿಕ್ಕವಳು. ಆಮೇಲೆ ಕಷ್ಟ ಪಟ್ರೆ?"

"ಪಡ್ತಾಳೆ" ಅಂದರು ಅತ್ತೆ. ಅರ್ಜಿಯ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು.

"ನಂಗೂ ಆಗ ಇವಳದ್ದೇ ವಯಸ್ಸು. ಇಂಥದ್ದೇ ಅರ್ಜಿ ತುಂಬಿದ್ದೆ. ನಿಮ್ ತಾತ ಪೆನ್ನಿನ ಕ್ಯಾಪೇ ತೆಗೀಲಿಲ್ಲ. 'ಹೆಣ್ಮಕ್ಕಳಿಗೆ ಇದೆಲ್ಲ ಬೇಡಮ್ಮ' ಅಂದ್ರು. ಸರಿ ಅಪ್ಪಾ ಅಂದು ಫ್ಯಾಕ್ಟರಿಗೆ ಸೇರ್ಕೊಂಡೆ. ಎರಡನೇ ಸಲ ಕೇಳಲೇ ಇಲ್ಲ ಕಣೋ. ಕೇಳಬೇಕಿತ್ತು."

ಇಷ್ಟು ವರ್ಷ ಅವರ ಕೈಯ ಕಾಫಿ ಕುಡಿದು ನಕ್ಕವರು ನಾವು. ಇದು ಯಾರಿಗೂ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು.

"ಪೆನ್ನು ಕೊಡಿ ಅತ್ತೆ" ಅಂದೆ.

ಸಹಿ ಹಾಕಿದೆ. ಅತ್ತೆ ಕನ್ನಡಕ ಏರಿಸಿಕೊಂಡು ನನ್ನ ಹೆಸರನ್ನು ಎರಡು ಸಲ ಓದಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. ತುಂಬಾ ಹೊತ್ತು ತೆಗೆಯಲೇ ಇಲ್ಲ.