ಗೋಡೆ ಕೇಳಿದವರು ಯಾರು?

ಎಲ್ಲಾ ಶುರುವಾದದ್ದು ಒಂದು ಗೋಡೆಯಿಂದ. ಬೆಳಿಗ್ಗೆ ಇಂಜಿನಿಯರು ಆಫೀಸಿನ ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ನರ್ಸಮ್ಮನ ಫೋನು ಬಂತು. ನರ್ಸಮ್ಮ, ಟೀಚರಮ್ಮ, ಟೈಲರಮ್ಮ, ಗಂಡ ಮಕ್ಕಳಿಲ್ಲದ ಈ ಮೂವರು ಗೆಳತಿಯರು ಸೇರಿ ಕಟ್ಟಿಸಲಿದ್ದ ಮನೆಗೆ ನಕ್ಷೆ ಬರೆದವನು ಇವನು. ಮೂರು ಕೋಣೆ, ಒಂದೇ ಅಡುಗೆಮನೆ. ಸಂಜೆ ಮೂವರೂ ಬಂದು ಒಪ್ಪಿಗೆ ಕೊಡಬೇಕಿತ್ತು.

"ನನ್ನ ಅಡುಗೆಮನೆ ಬೇರೆ ಆಗ್ಲಿ, ಮಧ್ಯ ಒಂದು ಗೋಡೆ ಹಾಕ್ಬಿಡಿ. ಟೀಚರ್ ಅಡುಗೆ ತಿಂದು ತಿಂದು ನಾಲಿಗೆ ಸತ್ತೋಗಿದೆ. ನಾನು ಹೇಳ್ದೆ ಅಂತ ಮಾತ್ರ ಬಾಯಿ ಬಿಡ್ಬೇಡಿ."

ಗೋಡೆ ಎಳೆದು ಮುಗಿಸುವಷ್ಟರಲ್ಲಿ ಟೀಚರಮ್ಮನ ಫೋನು. ನರ್ಸಮ್ಮ ಲೋಟ ತಟ್ಟೆಗಳನ್ನೆಲ್ಲ ಆಪರೇಷನ್ ಕತ್ತರಿಯ ಹಾಗೆ ಕುದಿಸುತ್ತಾರಂತೆ. ತನಗೂ ಬೇರೆ ಅಡುಗೆಮನೆ ಬೇಕು, ಗುಟ್ಟಾಗಿ. ಊಟದ ಹೊತ್ತಿಗೆ ಟೈಲರಮ್ಮ. ಅವರಿಗೆ ಹೊರಬಾಗಿಲೂ ಬೇರೆ ಬೇಕಂತೆ.

ಪಕ್ಕದ ಮೇಜಿನವನು ಕತ್ತು ಚಾಚಿದ. "ಕೇಳಿದ್ದೆಲ್ಲ ಕೊಟ್ಬಿಡು, ಕತೆ ಮುಗೀತು."

"ಈ ಕೆಲಸ ಕೈತಪ್ಪಿದ್ರೆ ನಾಳೆಯಿಂದ ನೀನೂ ಬರೋದು ಬೇಡ," ಎಂದು ಆಫೀಸಿನ ಯಜಮಾನರು ಬಾಗಿಲಲ್ಲೇ ಹೇಳಿ ಹೋದರು.

ಸಂಜೆ ಅವನು ಮೂವರ ಮುಂದೆ ನಕ್ಷೆ ಬಿಚ್ಚಿದ. ಮನೆ ಬೆಂಕಿಪೊಟ್ಟಣಗಳನ್ನು ಜೋಡಿಸಿಟ್ಟ ಹಾಗಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಈ ಗೋಡೆಗಳನ್ನ ಯಾರು ಕೇಳಿದ್ದು?" ಎಂದರು ಟೀಚರಮ್ಮ.

ನರ್ಸಮ್ಮನ ಕಣ್ಣು ಇಂಜೆಕ್ಷನ್ ಸೂಜಿಯಂತೆ ಅವನಿಗೆ ನಾಟಿತು. ಟೈಲರಮ್ಮ ಕೈಚೀಲದ ದಾರ ಎಳೆಯುತ್ತ ಕೂತರು. ಯಜಮಾನರು ಕೆಮ್ಮಿದರು.

"ನಾ... ನಾನೇ," ಎಂದ.

"ನೋಡಿದ್ರೇನ್ರೇ?" ಎಂದರು ನರ್ಸಮ್ಮ. "ಸಂಸಾರ ಇಲ್ದೋರು ಒಟ್ಟಿಗಿದ್ರೆ ಜುಟ್ಟು ಜುಟ್ಟು ಹಿಡ್ಕೋತಾರೆ ಅಂತ ಇವರ ಲೆಕ್ಕ. ಅಳಿಸ್ರೀ ಅದನ್ನ."

ಉಳಿದಿಬ್ಬರೂ ಹೌದೌದು ಎಂದು ಅವನ ಮೇಲೆ ಬಿದ್ದರು. ಬೈಗುಳ ಹಂಚಿಕೊಂಡ ಮೇಲೆ ಗೆಳತಿಯರ ಮುಖ ಅರಳಿತು. ಗೋಡೆಗಳು ಹೋದವು, ಯಜಮಾನರು ನಕ್ಕರು, ಅವನು ಬೆಳಿಗ್ಗೆಯಿಂದ ಕಟ್ಟಿದ್ದ ಉಸಿರು ಬಿಟ್ಟ.

"ಇನ್ನೊಂದು ಕೋಣೆ ಸೇರಿಸಿ," ಎಂದರು ಟೈಲರಮ್ಮ. "ದಿನಾ ನನ್ನ ಅಂಗಡೀಲಿ ಬಂದು ಕೂರೋರೊಬ್ರು ನಮ್ಜೊತೆ ಇರ್ತಾರೆ."

"ಅವರಿಗೆ ಏನೇನು ಬೇಕಂತೆ?"

"ಹೆಚ್ಚೇನಿಲ್ಲ, ಹಾಕ್ಕೊಳ್ಳೋಕೆ ಒಂದು ಬಾಗಿಲು. ಈಗ ಹಾಲ್‌ನಲ್ಲಿ ಸೋಫಾ ಮೇಲೆ ಮಲಗ್ತಾರೆ. ಮಗ ಊರೋರಿಗೆಲ್ಲ ಮನೆ ನಕ್ಷೆ ಬರ್ಕೊಡ್ತಾನೆ, ಅಮ್ಮಂಗೊಂದು ಕೋಣೆ ಬರೆಯೋಕೆ ಮರ್ತಿದ್ದಾನೆ."

ಯಜಮಾನರು ಲೊಚಗುಟ್ಟಿದರು. "ಎಂಥೆಂಥ ಮಕ್ಕಳಿರ್ತಾರೆ ನೋಡಿ. ಯಾರಮ್ಮ ಆ ಪುಣ್ಯಾತ್ಮ?"

ಟೈಲರಮ್ಮ ಇಂಜಿನಿಯರನ ಕೈಯಿಂದ ಜಾರಿಬಿದ್ದ ಪೆನ್ಸಿಲನ್ನು ಎತ್ತಿ ಅವನ ಮುಂದಿಟ್ಟರು.

"ಕಿಟಕಿ ಸ್ವಲ್ಪ ದೊಡ್ಡದಿರ್ಲಿ ಅಂದಿದ್ದಾರೆ, ನಿಮ್ಮಮ್ಮ."