ಹೆಸರಿನ ಮುಂದೆ ಡಿ.ಎಸ್.

ನೈರೋಬಿಯಲ್ಲಿ ನನಗೆ ಗೊತ್ತಿರುವ ಒಬ್ಬರೇ ಒಬ್ಬ ವಿದ್ವಾಂಸರಿಗೆ ಹತ್ತನೇ ತರಗತಿಯ ಗಣಿತದಲ್ಲಿ ಬಂದದ್ದು ಮೂವತ್ತೈದು ಅಂಕ. ನಾನೇನೂ ಚಾಡಿ ಹೇಳುತ್ತಿಲ್ಲ, ಅವರೇ ಹೇಳಿಕೊಂಡದ್ದು. ಅದರಲ್ಲಿ ಆರು ಅಂಕ ಶಾಲೆಯ ಫಾದರ್ ಮಾಡಿದ ಪ್ರಾರ್ಥನೆಯದ್ದಂತೆ!

ಅವರೂ ನಾನೂ ಓದಿದ್ದು ಮಂಗಳೂರಿನ ಒಂದೇ ಶಾಲೆಯಲ್ಲಿ. ಪಾದ್ರಿಗಳು ಕಟ್ಟಿಸಿದ, ನೂರು ವರ್ಷ ದಾಟಿದ ಶಾಲೆ. ಅವರ ಕಾಲಕ್ಕೆ ಬರೀ ಹುಡುಗರದ್ದು. ಅಪ್ಪನಿಗೆ ವರ್ಗವಾಗಿ ನಾನು ಅಲ್ಲಿಗೆ ಸೇರುವ ಹೊತ್ತಿಗೆ ಹುಡುಗಿಯರಿಗೂ ಬಾಗಿಲು ತೆರೆದಿತ್ತು. ಈಗ ನಾನು ವೆಸ್ಟ್‌ಲ್ಯಾಂಡ್ಸಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕುಟ್ಟುತ್ತೇನೆ. ಅವರು ಮೂವತ್ತು ವರ್ಷದಿಂದ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನ ಮ್ಯಾನೇಜರು. ಮೊದಲ ಭೇಟಿಯಲ್ಲೇ ವಿಸಿಟಿಂಗ್ ಕಾರ್ಡ್ ಕೊಟ್ಟರು. ಹೆಸರಿನ ಮುಂದೆ ಬಿ.ಕಾಂ., ಅದರ ಮುಂದೆ ಡಿ.ಎಸ್.

ಏನಿದು ಡಿ.ಎಸ್.? ಕೇಳಲು ಸಂಕೋಚ. ಕೇಳಿದರೆ ನನಗೆ ಗೊತ್ತಿಲ್ಲ ಎಂದು ಗೊತ್ತಾಗಿಬಿಡುತ್ತದಲ್ಲ! ಮನೆಯಲ್ಲಿ ಕಾರ್ಡ್ ತೋರಿಸಿದೆ. ನನ್ನ ಗಂಡ ಬಹಳ ಯೋಚಿಸಿ, "ಡಿಪ್ಲೊಮಾ ಇನ್ ಸಂಸ್ಕೃತ ಇರಬೇಕು ಕಣೇ" ಎಂದರು. ಮನೆಯಲ್ಲಿ ಕೊಂಕಣಿ ಮಾತಾಡುವ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಉಗ್ರಾಣದಲ್ಲಿ ಬೇರಿಂಗ್ ಎಣಿಸುವ ಮನುಷ್ಯನಿಗೆ ಸಂಸ್ಕೃತವೇ? ಮಗಳು ಫೋನಿನಿಂದ ತಲೆಯನ್ನೇ ಎತ್ತದೆ, "ಮೇ ಬಿ ಡ್ರೈವಿಂಗ್ ಸ್ಕೂಲ್, ಮಮ್ಮಾ" ಎಂದಳು. ಅವರ ಕಾರಿನಲ್ಲಿ ಒಮ್ಮೆ ಕುಳಿತಿದ್ದ ನನಗೆ ಅದೂ ಇರಲಾರದು ಎನಿಸಿತು.

ಗೋದಾಮಿನವರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಹೆಸರಿನ ಹಿಂದೆ ಮುಂದೆ ಎಲ್ಲೋ ಒಂದು ಕಡೆ 'ಡಿ' ಇದೆಯಲ್ಲ, ಅಂದ ಮೇಲೆ ದಕ್ತಾರಿ, ಅಂದರೆ ಸ್ವಾಹಿಲಿಯಲ್ಲಿ ಡಾಕ್ಟರು! ಒಂದು ದಿನ ಹೊಟ್ಟೆನೋವೆಂದು ನರಳುತ್ತಿದ್ದ ಲಾರಿ ಚಾಲಕನನ್ನು ಎತ್ತಿಕೊಂಡು ಬಂದು ಇವರ ಮೇಜಿನ ಮೇಲೆಯೇ ಮಲಗಿಸಿದರಂತೆ. ಇವರು ಕಂಗಾಲಾಗಿ ಟಿಫಿನ್ ಡಬ್ಬಿಯ ಜೊತೆಗಿದ್ದ ಜೀರಿಗೆ ಕಷಾಯ ಕುಡಿಸಿದರು. ದುರದೃಷ್ಟಕ್ಕೆ ಅವನಿಗೆ ಗುಣವಾಯಿತು. ಮರುದಿನ ಬಾಗಿಲಲ್ಲಿ ಐದು ಜನ ನಿಂತಿದ್ದರು.

ಕನ್ನಡದವರ ಕೂಟದಲ್ಲಿ ಅಧ್ಯಕ್ಷರು ಇವರನ್ನು ವಿಜ್ಞಾನಿ ಎಂದೇ ಪರಿಚಯಿಸಿ, ಹವಾಮಾನದ ಬಗ್ಗೆ ನಾಲ್ಕು ಮಾತಾಡಿ ಎಂದು ಮೈಕ್ ಕೊಟ್ಟರು. ಇವರು ಇಪ್ಪತ್ತು ನಿಮಿಷ ನಮ್ಮ ಶಾಲೆಯ ಗಂಟೆಯ ಬಗ್ಗೆ ಮಾತಾಡಿದರು. ಗಂಟೆಗೂ ಹವಾಮಾನಕ್ಕೂ ಏನು ಸಂಬಂಧವೆಂದು ನಾವು ಊಟ ಮುಗಿಯುವವರೆಗೆ ಚರ್ಚಿಸಿದೆವು. ಕೈ ತೊಳೆಯುವಾಗ ಕೆಲವರಿಗೆ ಸಂಬಂಧ ಹೊಳೆಯಿತು ಕೂಡ.

ಗುಟ್ಟು ಹೊರಬಿದ್ದದ್ದು ಮೊನ್ನೆ. ನೈರೋಬಿಯಲ್ಲಿರುವ ಹಳೆ ವಿದ್ಯಾರ್ಥಿಗಳನ್ನು ಕಾಣಲು ಶಾಲೆಯ ಈಗಿನ ಪ್ರಿನ್ಸಿಪಾಲ್ ಫಾದರ್ ಬರುವವರಿದ್ದರು. ಶಾಲೆಯ ಮುದ್ರೆ ಹಾಕಿದ ಆಮಂತ್ರಣ ಮಾಡಿಸುವ ಕೆಲಸ ನನ್ನದು. ಎಲ್ಲರಿಗಿಂತ ಹಿರಿಯರಾದ ಇವರದ್ದು ಸ್ವಾಗತ ಭಾಷಣ. ಹೆಸರು ಬರೆದು ಕಳಿಸಿದರು, ಡಿ.ಎಸ್. ಸಮೇತ. ಧೈರ್ಯ ಮಾಡಿ ಫೋನಿನಲ್ಲಿ ಕೇಳಿಯೇಬಿಟ್ಟೆ.

"ಡೇ ಸ್ಕಾಲರ್" ಎಂದರು.

"ಅಂಕಲ್, ನಮ್ಮ ಶಾಲೆಗೆ ಹಾಸ್ಟೆಲ್ಲೇ ಇರಲಿಲ್ಲ. ಎಲ್ಲರೂ ಬೆಳಿಗ್ಗೆ ಹೋಗಿ ಸಂಜೆ ಬರೋರೇ. ಎಲ್ಲರೂ ಡೇ ಸ್ಕಾಲರೇ."

"ಹೌದು. ಅದಕ್ಕೆ ಈಗ ಎಂತ?"

ಎಂತ ಎಂದರೆ ಏನು ಹೇಳುವುದು? ಫಾದರ್ ನೋಡಿ ನಗುವುದಿಲ್ಲವೇ? ನಾನು ಸದ್ದಿಲ್ಲದೆ ಆ ಎರಡು ಅಕ್ಷರ ತೆಗೆದು ಕರಡು ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು. "ಮಾರಾಯ್ತಿ, ಎರಡು ಅಕ್ಷರ ಬಿಟ್ಟುಹೋಗಿದೆ." ಮತ್ತೆ ಕಳಿಸಿದೆ, ಮತ್ತೆ ಬಿಟ್ಟುಹೋಗಿತ್ತು. ಮತ್ತೆ ಫೋನ್. ಕೊನೆಗೆ, ಎದುರಿಗೇ ಕುಳಿತು ಬುದ್ಧಿ ಹೇಳಿಬಿಡೋಣವೆಂದು ಶನಿವಾರ ಲಂಗಾಟಾದ ಅವರ ಮನೆಗೆ ಹೋದೆ.

ಬಾಗಿಲಲ್ಲೇ ತಡೆದು, "ಅಮ್ಮನ ಎದುರು ಆ ವಿಷಯ ಬೇಡ" ಎಂದು ಪಿಸುಗುಟ್ಟಿ ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದರು. ಹೋಗುವಾಗ ಕಂಡಿತು: ಹಾಲಿನಲ್ಲಿ ಏಸುವಿನ ಪಟದ ಪಕ್ಕ ಚೌಕಟ್ಟು ಹಾಕಿಸಿದ ಒಂದು ಹಳೆಯ ಬಸ್ ಪಾಸು. ಅದರ ಮೇಲೆ ಶಾಲೆಯ ರಬ್ಬರ್ ಮೊಹರು, ಡೇ ಸ್ಕಾಲರ್.

"ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದ್ದು. ಓದು ಬರಹ ಇಲ್ಲ. ಈ ಪಾಸ್ ಬಂದಾಗ ಪೋಸ್ಟ್‌ಮ್ಯಾನ್ ಹತ್ರ ಕೇಳಿದ್ದಾರೆ, ಇದರಲ್ಲಿ ಎಂತ ಬರೆದದ್ದು ಅಂತ. ಅವನು ಹೇಳಿದ, ಸ್ಕಾಲರ್ ಅಂದ್ರೆ ವಿದ್ವಾಂಸ. ಆರನೇ ಕ್ಲಾಸಿಗೇ ಮಗ ವಿದ್ವಾಂಸ ಆದ ಅಂತ ಇಡೀ ಓಣಿಗೆ ಬೆಲ್ಲ ಹಂಚಿದ್ರು."

"ನೀವು ಹೇಳಬಾರದಿತ್ತಾ?"

"ನಾಳೆ ಹೇಳುವಾ, ನಾಳೆ ಹೇಳುವಾ ಅಂತ ಐವತ್ತು ವರ್ಷ ಆಯ್ತು. ಅವರಿಗೆ ಗುರುತು ಸಿಗುವ ಅಕ್ಷರ ಆ ಎರಡೇ, ಡಿ ಮತ್ತು ಎಸ್, ನಾನೇ ತೋರಿಸಿಕೊಟ್ಟದ್ದು. ಯಾವ ಕಾಗದ ಬಂದ್ರೂ ನನ್ನ ಹೆಸರಿನ ಮುಂದೆ ಅದನ್ನೇ ಹುಡುಕ್ತಾರೆ. ಇದು ಶಾಲೆಯಿಂದಲೇ ಬರುವ ಆಮಂತ್ರಣ. ಅದರಲ್ಲಿ ಇಲ್ಲದಿದ್ರೆ, ಶಾಲೆಯವರು ವಾಪಸ್ ತಗೊಂಡ್ರು ಅಂದ್ಕೊಳ್ತಾರೆ ಮಾರಾಯ್ತಿ."

ನನ್ನ ಮೇಲೆ ನನಗೇ ಸಿಟ್ಟು ಬಂತು. ಅಷ್ಟರಲ್ಲಿ ಹಾಲಿನಿಂದ ಅವರಮ್ಮ ಕರೆದರು. ಎಂಬತ್ತೈದು ದಾಟಿದ ಪುಟ್ಟ ಮೈ, ಮಂಗಗಳು ಒಳನುಗ್ಗದಂತೆ ಕಿಟಕಿಯ ಪಕ್ಕ ಕೋಲು ಹಿಡಿದು ಕುಳಿತಿದ್ದರು. ನನ್ನನ್ನು ಹತ್ತಿರ ಕೂರಿಸಿಕೊಂಡರು.

"ನೀನೂ ಅದೇ ಶಾಲೆಯಾ ಮಗಾ?"

"ಹೌದಮ್ಮ."

"ಹಾಗಾದ್ರೆ ನಿನಗೂ ಅದು ಉಂಟಾ? ಡೇ ಸ್ಕಾಲರ್?"

ಅಂಕಲ್ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಉಂಟಮ್ಮ" ಎಂದೆ.

"ಹುಡುಗಿಯರಿಗೂ ಕೊಡ್ತಾರಾ?"

"ಈಗ ಕೊಡ್ತಾರೆ."

ಕೋಲನ್ನು ಪಕ್ಕಕ್ಕಿಟ್ಟು, ಬೀಡಿ ಎಲೆ ಕತ್ತರಿಸಿ ಕತ್ತರಿಸಿ ಗಟ್ಟಿಯಾದ ಬೆರಳುಗಳಲ್ಲಿ ನನ್ನ ಕೈ ಹಿಡಿದುಕೊಂಡರು.

"ನಾನು ಸಣ್ಣವಳಿರುವಾಗ ಆ ಗೇಟಿನ ಹತ್ರ ನಿಂತು ನೋಡ್ತಿದ್ದೆ" ಎಂದರು. "ಆಗ ಹುಡುಗಿಯರಿಗೆ ಕೊಡ್ತಿರ್ಲಿಲ್ಲ. ನೀನು ಹಾಕಿಸ್ಕೋ ಮಗಾ, ನಿನ್ನ ಹೆಸರಿನ ಮುಂದೆ. ನಾನು ನೋಡ್ಬೇಕು."